ಎರಡು ಹನಿಯ ಹಿಂದಿನ ಸಭೆಗಳು

ಪೋಲಿಯೋ ಭಾನುವಾರ ಎಂದರೆ ಪುಟ್ಟ ಮಕ್ಕಳಿರುವ ಮನೆಗಳಿಗೆ ವಿವರಿಸಬೇಕಾಗಿಲ್ಲ. ಮಗುವನ್ನು ಎತ್ತಿಕೊಂಡು ಅಂಗನವಾಡಿಗೋ ಶಾಲೆಗೋ ಹೋಗುತ್ತೇವೆ. ಬಾಯಿಗೆ ಎರಡು ಹನಿ ಬೀಳುತ್ತದೆ, ಎಡಗೈಯ ಕಿರುಬೆರಳಿಗೆ ಶಾಯಿ ಗುರುತು ಬೀಳುತ್ತದೆ, ಮನೆಗೆ ಬರುತ್ತೇವೆ. ಐದು ನಿಮಿಷದ ಕೆಲಸ. ಆ ಬೂತಿನ ಬ್ಯಾನರಿನಲ್ಲಿ ಸರಕಾರದ ಹೆಸರಿನ ಜೊತೆಗೆ ಹಲ್ಲುಗಳಿರುವ ಒಂದು ಚಕ್ರದ ಚಿತ್ರವನ್ನೂ ನೀವು ನೋಡಿರಬಹುದು. ಅದು ರೋಟರಿ ಕ್ಲಬ್ಬಿನ ಗುರುತು.

ರೋಟರಿ, ಲಯನ್ಸ್‌ನಂಥ ಸೇವಾ ಕ್ಲಬ್ಬುಗಳ ಬಗ್ಗೆ ನಮ್ಮಲ್ಲಿ ಒಂದು ಮಾತಿದೆ: "ಅದು ದೊಡ್ಡವರ ಕೂಟ. ಸಭೆ ಸೇರುತ್ತಾರೆ, ಹಾರ ಹಾಕಿಕೊಳ್ಳುತ್ತಾರೆ, ಊಟ ಮಾಡಿ ಹೋಗುತ್ತಾರೆ." ಈ ಮಾತು ಪೂರ್ತಿ ಸುಳ್ಳೇನಲ್ಲ. ಸಭೆಯೂ ಉಂಟು, ಹಾರವೂ ಉಂಟು, ಊಟವೂ ಉಂಟು. ಆದರೆ ಜಗತ್ತಿನ ಅತಿ ದೊಡ್ಡ ಆರೋಗ್ಯ ಅಭಿಯಾನಗಳಲ್ಲಿ ಒಂದಕ್ಕೆ ಹಣ ಮತ್ತು ಆಳುಗಳನ್ನು ಹೊಂದಿಸಿದ್ದು ಇದೇ ಸಭೆ, ಇದೇ ಊಟ. ಹಾಗೆಯೇ, ಈ ಕ್ಲಬ್ಬುಗಳಿಗೆ ದಾಟಲಾಗದ ಒಂದು ಹೊಸ್ತಿಲಿತ್ತು. ಅದನ್ನು ದಾಟಿಸಿದವರು ಉತ್ತರ ಪ್ರದೇಶ, ಬಿಹಾರದ ಬಡ ಮೊಹಲ್ಲಾಗಳ ಹೆಂಗಸರು ಮತ್ತು ಇಮಾಮರು. ಈ ಎರಡೂ ಕತೆಗಳಲ್ಲಿ ನಮ್ಮ ಮನೆ, ನಮ್ಮ ಬೀದಿಗೆ ಬೇಕಾದ ಪಾಠವಿದೆ.

ನಾಲ್ವರ ಕೂಟ

1905ರ ಫೆಬ್ರವರಿ 23ರಂದು ಅಮೆರಿಕದ ಚಿಕಾಗೋ ನಗರದ ಒಂದು ಕಚೇರಿಯಲ್ಲಿ ನಾಲ್ವರು ಸೇರಿದರು. ಪಾಲ್ ಹ್ಯಾರಿಸ್ ವಕೀಲ, ಗಸ್ಟಾವಸ್ ಲೋರ್ ಗಣಿ ಇಂಜಿನಿಯರ್, ಸಿಲ್ವೆಸ್ಟರ್ ಶೀಲೆ ಕಲ್ಲಿದ್ದಲು ವ್ಯಾಪಾರಿ, ಹೈರಮ್ ಶೋರಿ ದರ್ಜಿ. ಹಳ್ಳಿಗಾಡಿನ ಸಣ್ಣ ಊರಿನಲ್ಲಿ ಬೆಳೆದ ಹ್ಯಾರಿಸ್‌ಗೆ ಮಹಾನಗರದಲ್ಲಿ ಪರಿಚಯದವರು ಬಹಳ ಮಂದಿ ಇದ್ದರು, ಸ್ನೇಹಿತರು ಇರಲಿಲ್ಲ. ಬೇರೆ ಬೇರೆ ಕಸುಬಿನವರು ಆಗಾಗ ಒಂದೆಡೆ ಸೇರಿದರೆ ಸ್ನೇಹವೂ ಬೆಳೆದೀತು, ಒಬ್ಬರಿಗೊಬ್ಬರು ಆಗಿಯೂ ಬಂದಾರು ಎಂಬುದು ಅವರ ಆಲೋಚನೆ. ಒಂದು ಸಲ ಒಬ್ಬರ ಕಚೇರಿಯಲ್ಲಿ, ಇನ್ನೊಂದು ಸಲ ಇನ್ನೊಬ್ಬರ ಕಚೇರಿಯಲ್ಲಿ, ಹೀಗೆ ಸುತ್ತು ಹಾಕಿ ಸಭೆ ನಡೆಸುತ್ತಿದ್ದುದರಿಂದ 'ರೋಟರಿ' ಎಂಬ ಹೆಸರು ಬಂತು.

ಗಮನಿಸಿ, ಇದು ಸೇವೆಗಾಗಿ ಹುಟ್ಟಿದ ಸಂಘವಲ್ಲ. ಒಂಟಿತನ ಕಳೆಯಲು ಹುಟ್ಟಿದ ಕೂಟ. ಜನ ಒಬ್ಬರನ್ನೊಬ್ಬರು ಚೆನ್ನಾಗಿ ಅರಿತ ಮೇಲೆ, ಊರಿಗೆ ನಾವೇನು ಮಾಡಬಹುದು ಎಂಬ ಪ್ರಶ್ನೆ ತಾನಾಗಿ ಬಂತು.

ಮೊದಲ ಸೇವೆ ಒಂದು ಶೌಚಾಲಯ

ಆ ಪ್ರಶ್ನೆಗೆ ಚಿಕಾಗೋದ ಸದಸ್ಯರು ಕಂಡುಕೊಂಡ ಮೊದಲ ಉತ್ತರಗಳಲ್ಲಿ ಮುಖ್ಯವಾದುದು ಆಸ್ಪತ್ರೆಯಲ್ಲ, ಶಾಲೆಯಲ್ಲ, ಸಾರ್ವಜನಿಕ ಶೌಚಾಲಯ. 1907ರಲ್ಲಿ ಅವರು ನಗರಸಭೆಯ ಕಟ್ಟಡದ ಬಳಿ ಗಂಡಸರಿಗೂ ಹೆಂಗಸರಿಗೂ ಶೌಚಾಲಯ ಆಗಬೇಕೆಂದು ಓಡಾಟ ಶುರು ಮಾಡಿದರು. ವಿರೋಧ ಬಂದದ್ದು ಶರಾಬು ವ್ಯಾಪಾರಿಗಳಿಂದ ಮತ್ತು ದೊಡ್ಡ ಅಂಗಡಿಗಳವರಿಂದ. ಗಂಡಸರಿಗೆ ಶರಾಬಿನಂಗಡಿಗಳಲ್ಲಿ ವ್ಯವಸ್ಥೆ ಇದೆ, ಹೆಂಗಸರಿಗೆ ಬಟ್ಟೆಬರೆಯ ಅಂಗಡಿಗಳಲ್ಲಿ ಇದೆ, ಬೇರೆ ಯಾಕೆ ಎಂಬುದು ಅವರ ವಾದ. ಏನಾದರೂ ಕೊಳ್ಳದೆ ಒಳಗೆ ಹೋಗಲು ಸಂಕೋಚಪಡುವವರು ಏನು ಮಾಡಬೇಕು ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಕೊನೆಗೆ ಶೌಚಾಲಯ ಆಯಿತು.

ಈ ಸಂಕಟ ನಮ್ಮ ತಾಯಂದಿರು, ಅಕ್ಕತಂಗಿಯರಿಗೆ ಇಂದಿಗೂ ಹೊಸದಲ್ಲ. ಪೇಟೆಗೆ ಹೊರಟರೆ ಬೆಳಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಮನೆ ಸೇರುವವರೆಗೆ ಮೂತ್ರ ತಡೆದುಕೊಳ್ಳುತ್ತಾರೆ. ನೀರು ಕಡಿಮೆ ಕುಡಿದು, ಗಂಟೆಗಟ್ಟಲೆ ಮೂತ್ರ ತಡೆದರೆ ಮೂತ್ರದ ಸೋಂಕು ಸುಲಭವಾಗಿ ತಗಲುತ್ತದೆ. ಉರಿ, ಪದೇ ಪದೇ ಮೂತ್ರ, ಕೆಳಹೊಟ್ಟೆ ನೋವು, ಚಳಿಜ್ವರ ಇದರ ಲಕ್ಷಣಗಳು. ಬಸುರಿಯರಲ್ಲಿ ಇದು ಮೂತ್ರಪಿಂಡಕ್ಕೆ ಏರಿದರೆ ತಾಯಿಗೂ ಮಗುವಿಗೂ ಅಪಾಯ. ಆದ್ದರಿಂದ ಒಂದು ಸೇವಾ ಸಂಘ ಮೊದಲು ಶೌಚಾಲಯದ ಬಗ್ಗೆ ಯೋಚಿಸಿತು ಎಂಬುದನ್ನು ಸಣ್ಣ ಸಂಗತಿ ಎಂದು ತಳ್ಳಿಹಾಕುವಂತಿಲ್ಲ.

ಸಭೆಯಲ್ಲಿ ಏನು ನಡೆಯುತ್ತದೆ?

ಭಾರತದ ಮೊದಲ ರೋಟರಿ ಕ್ಲಬ್ಬು 1920ರಲ್ಲಿ ಕಲ್ಕತ್ತಾದಲ್ಲಿ ಕೆಲಸ ಆರಂಭಿಸಿತು. ಇಂದು ನಮ್ಮ ರಾಜ್ಯದ ಜಿಲ್ಲಾ ಕೇಂದ್ರಗಳಲ್ಲಷ್ಟೇ ಅಲ್ಲ, ಎಷ್ಟೋ ತಾಲೂಕು ಊರುಗಳಲ್ಲೂ ಕ್ಲಬ್ಬುಗಳಿವೆ. ಅವುಗಳ ಸಭೆ ಸಾಮಾನ್ಯವಾಗಿ ವಾರದ ಒಂದು ನಿಗದಿತ ದಿನ, ನಿಗದಿತ ಹೊತ್ತಿಗೆ ನಡೆಯುತ್ತದೆ. ಅಧ್ಯಕ್ಷರು ಗಂಟೆ ಬಾರಿಸಿ ಸಭೆ ಆರಂಭಿಸುತ್ತಾರೆ. ಕಾರ್ಯದರ್ಶಿ ಹಿಂದಿನ ವಾರ ಆದದ್ದು, ಮುಂದಿನ ವಾರ ಆಗಬೇಕಾದದ್ದು ಓದಿ ಹೇಳುತ್ತಾರೆ. ಆ ವಾರ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ ಇರುವವರಿಗೆ ಶುಭಾಶಯ ಹೇಳುತ್ತಾರೆ. ಸಂತೋಷದ ಸುದ್ದಿ ಹಂಚಿಕೊಂಡವರು ಡಬ್ಬಿಗೆ ಒಂದಿಷ್ಟು ಹಣ ಹಾಕುವ ರೂಢಿ ಹಲವು ಕ್ಲಬ್ಬುಗಳಲ್ಲಿದೆ. ನಂತರ ಒಬ್ಬ ಅತಿಥಿಯ ಮಾತು. ಅವರು ವೈದ್ಯರಿರಬಹುದು, ಕೃಷಿಕರಿರಬಹುದು, ಪೊಲೀಸ್ ಅಧಿಕಾರಿ ಇರಬಹುದು. ಆಮೇಲೆ ಪ್ರಶ್ನೆಗಳು, ವಂದನೆ, ಊಟ ಅಥವಾ ಚಹಾ.

ಇದರಲ್ಲಿ ವಿಶೇಷವೇನಿದೆ ಎಂದು ನೀವು ಕೇಳಬಹುದು. ಮೂರು ಸಂಗತಿಗಳಿವೆ.

ಮೊದಲನೆಯದು ಹಾಜರಿ. ದಶಕಗಳ ಕಾಲ ಈ ಕ್ಲಬ್ಬುಗಳಲ್ಲಿ ಕಟ್ಟುನಿಟ್ಟಾದ ನಿಯಮವಿತ್ತು. ಕಾರಣವಿಲ್ಲದೆ ಸತತ ನಾಲ್ಕು ಸಭೆ ತಪ್ಪಿಸಿದವರು ಸದಸ್ಯತ್ವ ಕಳೆದುಕೊಳ್ಳಬಹುದಿತ್ತು. ಊರು ಬಿಟ್ಟು ಹೋದವರು ಹೋದ ಊರಿನ ಕ್ಲಬ್ಬಿನ ಸಭೆಗೆ ಕೂತು ಹಾಜರಿ ತುಂಬಿಕೊಳ್ಳುತ್ತಿದ್ದರು. 2016ರಿಂದ ನಿಯಮ ಸಡಿಲವಾಗಿದೆ. ತಿಂಗಳಿಗೆ ಎರಡು ಸಭೆ ನಡೆಸಿದರೂ ಸಾಕು.

ಎರಡನೆಯದು ಅಧಿಕಾರದ ಅವಧಿ. ಅಧ್ಯಕ್ಷರಿಗೆ ಒಂದು ವರ್ಷ ಮಾತ್ರ. ಜುಲೈ 1ಕ್ಕೆ ಹೊಸ ತಂಡ ಬರುತ್ತದೆ. ಮುಂದಿನ ಅಧ್ಯಕ್ಷರು ಯಾರೆಂದು ಮೊದಲೇ ನಿಶ್ಚಯವಾಗಿರುವುದರಿಂದ ಅವರು ಪಕ್ಕದಲ್ಲೇ ಕೂತು ಕೆಲಸ ಕಲಿಯುತ್ತಾರೆ. ಕುರ್ಚಿಗೆ ಅಂಟಿಕೊಳ್ಳುವ ಜಗಳಕ್ಕೆ ಅವಕಾಶ ಕಡಿಮೆ.

ಮೂರನೆಯದು ಕಸುಬಿನ ವೈವಿಧ್ಯ. ಎಲ್ಲರೂ ಒಂದೇ ವ್ಯಾಪಾರದವರಾಗಿರಬಾರದು ಎಂಬುದು ಮೊದಲಿನಿಂದ ಬಂದ ಪದ್ಧತಿ. ಹೀಗಾಗಿ ಒಂದು ಕಣ್ಣಿನ ಶಿಬಿರ ಮಾಡಬೇಕೆಂದರೆ ವೈದ್ಯರು ಒಳಗೇ ಇರುತ್ತಾರೆ, ಶಾಮಿಯಾನದವರು ಇರುತ್ತಾರೆ, ಕರಪತ್ರ ಅಚ್ಚು ಹಾಕುವವರು ಇರುತ್ತಾರೆ, ಲೆಕ್ಕ ಬರೆಯುವವರೂ ಇರುತ್ತಾರೆ.

ಒಂದು ದೊಡ್ಡ ಕೊರತೆಯನ್ನೂ ಹೇಳಬೇಕು. ಬಹಳ ಕಾಲ ರೋಟರಿಯಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಸದಸ್ಯರ ಮನೆಯ ಹೆಂಗಸರು 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 'ಇನ್ನರ್ ವೀಲ್' ಎಂಬ ಪ್ರತ್ಯೇಕ ಕ್ಲಬ್ಬು ಕಟ್ಟಿದರು. ಅದರ ಶಾಖೆಗಳು ನಮ್ಮ ಊರುಗಳಲ್ಲೂ ಇವೆ. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ, 1989ರಲ್ಲಿ ರೋಟರಿ ತನ್ನ ನಿಯಮ ಬದಲಿಸಿ ಎಲ್ಲೆಡೆ ಹೆಂಗಸರಿಗೆ ಬಾಗಿಲು ತೆರೆಯಿತು. ಆರೋಗ್ಯದ ಕೆಲಸ ಮನೆಯೊಳಗೆ ಹೋಗಬೇಕಾದರೆ ಹೆಂಗಸರಿಲ್ಲದೆ ಸಾಧ್ಯವೇ ಇಲ್ಲ ಎಂಬುದು ಪೋಲಿಯೋ ವಿಷಯದಲ್ಲಿ ಮತ್ತೆ ರುಜುವಾಯಿತು.

ಪೋಲಿಯೋ ಎಂಬ ಶತ್ರು

1979ರಲ್ಲಿ ಫಿಲಿಪ್ಪೀನ್ಸ್ ದೇಶದಲ್ಲಿ ಸುಮಾರು 60 ಲಕ್ಷ ಮಕ್ಕಳಿಗೆ ಪೋಲಿಯೋ ಹನಿ ಹಾಕುವ ಕೆಲಸಕ್ಕೆ ರೋಟರಿ ಕೈಹಾಕಿತು. ಅದು ಫಲಿಸಿದಾಗ 1985ರಲ್ಲಿ ಜಗತ್ತಿನ ಎಲ್ಲ ಮಕ್ಕಳಿಗೂ ಹನಿ ತಲುಪಿಸುವ 'ಪೋಲಿಯೋ ಪ್ಲಸ್' ಯೋಜನೆ ಸಾರಿತು. 12 ಕೋಟಿ ಡಾಲರ್ ಕೂಡಿಸಬೇಕೆಂದು ಹೊರಟವರು 1988ರ ಹೊತ್ತಿಗೆ 24 ಕೋಟಿ 70 ಲಕ್ಷ ಡಾಲರ್ ಕೂಡಿಸಿದರು. ಸಾವಿರಾರು ಊರುಗಳ ವಾರದ ಸಭೆಗಳಲ್ಲಿ, ಸಂಗೀತ ಸಂಜೆಗಳಲ್ಲಿ, ಊಟದ ಕೂಟಗಳಲ್ಲಿ ಎತ್ತಿದ ಹಣವೂ ಇದರಲ್ಲಿತ್ತು. ಅದೇ 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ರೋಟರಿ ಒಟ್ಟುಗೂಡಿ ಜಾಗತಿಕ ಅಭಿಯಾನ ಶುರುಮಾಡಿದವು. ಆ ವರ್ಷ 125 ದೇಶಗಳಲ್ಲಿ ಪೋಲಿಯೋ ಇತ್ತು. ಸುಮಾರು ಮೂರೂವರೆ ಲಕ್ಷ ಮಕ್ಕಳು ಒಂದೇ ವರ್ಷದಲ್ಲಿ ಕೈಕಾಲಿನ ಬಲ ಕಳೆದುಕೊಂಡಿದ್ದರು ಎಂಬ ಅಂದಾಜಿದೆ.

ಪೋಲಿಯೋ ಹೇಗೆ ಹರಡುತ್ತದೆ ಎಂಬುದನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಇದು ಸೊಳ್ಳೆಯಿಂದ ಬರುವುದಲ್ಲ, ಗಾಳಿ ಸೋಕಿ ಬರುವುದಲ್ಲ. ಸೋಂಕಿರುವ ಮಗುವಿನ ಮಲದಲ್ಲಿ ವೈರಾಣು ಹೊರಬರುತ್ತದೆ. ಬಯಲಿನಲ್ಲಿ, ತೆರೆದ ಚರಂಡಿಯಲ್ಲಿ ಬಿದ್ದ ಮಲದಿಂದ ನೀರಿಗೆ, ಕೈಗೆ, ಊಟಕ್ಕೆ ಸೇರಿ ಇನ್ನೊಂದು ಮಗುವಿನ ಬಾಯಿಗೆ ಹೋಗುತ್ತದೆ. ಸೋಂಕು ತಗಲಿದ ಹೆಚ್ಚಿನ ಮಕ್ಕಳಲ್ಲಿ ಏನೂ ಕಾಣಿಸುವುದಿಲ್ಲ. ಸುಮಾರು 200ರಲ್ಲಿ ಒಂದು ಮಗುವಿಗೆ ಮಾತ್ರ ಕಾಲೋ ಕೈಯೋ ಸೋತುಹೋಗುತ್ತದೆ. ಒಮ್ಮೆ ಸೋತರೆ ಅದನ್ನು ಸರಿಪಡಿಸುವ ಔಷಧಿ ಇಲ್ಲ. ಒಂದು ಬೀದಿಯಲ್ಲಿ ಒಂದು ಮಗುವಿನ ಕಾಲು ಸೋತಿದೆ ಎಂದರೆ, ಆಗಲೇ ನೂರಾರು ಮಕ್ಕಳ ಹೊಟ್ಟೆಯಲ್ಲಿ ವೈರಾಣು ಇದೆ ಎಂದು ಅರ್ಥ. ಹೀಗೆ ನೋಡಿದರೆ, ಶೌಚಾಲಯದಿಂದ ಸೇವೆ ಆರಂಭಿಸಿದ ಕ್ಲಬ್ಬು ಪೋಲಿಯೋಗೆ ಬಂದದ್ದು ಒಂದೇ ದಾರಿಯ ಮುಂದಿನ ಹೆಜ್ಜೆ.

ಮುಚ್ಚಿದ ಬಾಗಿಲುಗಳು

ಭಾರತದಲ್ಲಿ 1995ರಿಂದ ದೇಶದಾದ್ಯಂತ ಪಲ್ಸ್ ಪೋಲಿಯೋ ನಡೆಯಿತು. ಹನಿ ಹಾಕುವ ಹೊಣೆ ಸರಕಾರದ ಆರೋಗ್ಯ ಇಲಾಖೆಯದು. ರೋಟರಿಯಂಥ ಸಂಘಗಳು ಹಣ, ಬ್ಯಾನರು, ವಾಹನ, ಸ್ವಯಂಸೇವಕರನ್ನು ಕೊಟ್ಟವು. ರೋಗ ಬೇಗ ಇಳಿಯಿತು. ಆದರೆ 2002ರಲ್ಲಿ ಮತ್ತೆ ಏರಿತು. ದೇಶದಲ್ಲಿ 1,600 ಮಕ್ಕಳಿಗೆ ಪೋಲಿಯೋ ತಗಲಿತು. ಅವರಲ್ಲಿ 1,242 ಮಕ್ಕಳು ಉತ್ತರ ಪ್ರದೇಶ ಒಂದರಲ್ಲೇ ಇದ್ದರು. ಪಶ್ಚಿಮ ಉತ್ತರ ಪ್ರದೇಶದ ಮುಸ್ಲಿಂ ಮೊಹಲ್ಲಾಗಳ ಮಕ್ಕಳು ಜನಸಂಖ್ಯೆಯಲ್ಲಿನ ತಮ್ಮ ಪಾಲಿಗಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಈ ರೋಗಕ್ಕೆ ತುತ್ತಾದರು.

ಯಾಕೆ? ಹನಿ ಹಾಕಲು ಬಂದವರಿಗೆ ಬಾಗಿಲು ತೆರೆಯದ ಮನೆಗಳು ಅಲ್ಲಿ ಬಹಳ ಇದ್ದವು. ಈ ಹನಿ ಕುಡಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ವದಂತಿ ಹಬ್ಬಿತ್ತು. ಅದು ಸುಳ್ಳು. ಆದರೆ ಅದನ್ನು ನಂಬಿದವರನ್ನು ದಡ್ಡರು ಎಂದು ಬಿಡುವುದು ಸರಿಯಲ್ಲ. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಬಡವರನ್ನು ಬಲವಂತದಿಂದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಯ್ದ ನೆನಪು ಆ ಪ್ರದೇಶದಲ್ಲಿ ಮಾಸಿರಲಿಲ್ಲ. ಇನ್ನೊಂದು ಪ್ರಶ್ನೆ ತಾಯಂದಿರದು: "ಚರಂಡಿ ತುಂಬಿ ಮನೆಗೆ ನುಗ್ಗುತ್ತದೆ, ಯಾರೂ ಬರುವುದಿಲ್ಲ. ಮಗುವಿಗೆ ಭೇದಿಯಾದರೆ ಡಾಕ್ಟರಿಲ್ಲ. ಈ ಹನಿ ಹಿಡಿದುಕೊಂಡು ಮಾತ್ರ ಮತ್ತೆ ಮತ್ತೆ ಯಾಕೆ ಬರುತ್ತೀರಿ?" ನ್ಯಾಯವಾದ ಪ್ರಶ್ನೆಯೇ. ಜೊತೆಗೆ, ಹನಿ ಹಾಕಲು ಬರುತ್ತಿದ್ದ ತಂಡಗಳಲ್ಲಿ ಎಷ್ಟೋ ಕಡೆ ಅಪರಿಚಿತ ಗಂಡಸರೇ ಇರುತ್ತಿದ್ದರು. ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಹೆಂಗಸರು ಅಂಥವರಿಗೆ ಬಾಗಿಲು ತೆರೆಯುವುದಾದರೂ ಹೇಗೆ?

ಬಾಗಿಲು ತೆರೆದವರು ಯಾರು?

ಬ್ಯಾನರಿನಿಂದ, ಧ್ವನಿವರ್ಧಕದಿಂದ ಆ ಬಾಗಿಲುಗಳು ತೆರೆಯಲಿಲ್ಲ. ತೆರೆದದ್ದು ಪರಿಚಯದ ಮುಖಗಳಿಂದ. ಮೊಹಲ್ಲಾದ ಹೆಂಗಸರನ್ನೇ ಆರಿಸಿ ತರಬೇತಿ ಕೊಟ್ಟರು. ಒಬ್ಬೊಬ್ಬರಿಗೆ ಸುಮಾರು 500 ಮನೆಗಳ ಜವಾಬ್ದಾರಿ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಯಾವ ಮಗುವಿಗೆ ಹನಿ ತಪ್ಪಿದೆ, ಎಲ್ಲವನ್ನೂ ಅವರು ಪುಸ್ತಕದಲ್ಲಿ ಬರೆದಿಟ್ಟರು. ತಾಯಂದಿರನ್ನು ಅಂಗಳದಲ್ಲಿ ಸೇರಿಸಿ ಸಣ್ಣ ಸಣ್ಣ ಸಭೆ ನಡೆಸಿದರು. ಹನಿಯ ಮಾತಿಗಿಂತ ಮೊದಲು ಎದೆಹಾಲು, ಭೇದಿ, ಕೈತೊಳೆಯುವುದರ ಮಾತಾಡಿದರು.

ಯುನಿಸೆಫ್ ಈ ಕೆಲಸದಲ್ಲಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಜಾಮಿಯಾ ಹಮ್‌ದರ್ದ್ ಸಂಸ್ಥೆಗಳ ನೆರವು ಪಡೆಯಿತು. ರೋಟರಿ ಉತ್ತರ ಪ್ರದೇಶದಲ್ಲಿ ಉಲಮಾಗಳ ಸಮಿತಿಯೊಂದನ್ನು ರಚಿಸಿ ಅವರ ಜೊತೆ ಕೂತು ಮಾತಾಡಿತು. ಇಮಾಮರು ಮಸೀದಿಯ ಮೈಕಿನಲ್ಲಿ ಬೂತಿನ ದಿನವನ್ನು ಸಾರಿದರು. ಕೆಲವರು ತಮ್ಮ ಮಕ್ಕಳಿಗೇ ಮೊದಲು ಹನಿ ಹಾಕಿಸಿದರು. 'ಹನಿ ಮಾತ್ರ ಯಾಕೆ' ಎಂಬ ಪ್ರಶ್ನೆಗೂ ಕೆಲಸದಿಂದಲೇ ಉತ್ತರ ಕೊಡಬೇಕಾಯಿತು. ಮೊಹಲ್ಲಾಗಳಲ್ಲಿ ಸಾಮಾನ್ಯ ಕಾಯಿಲೆಗಳಿಗೂ ಆರೋಗ್ಯ ಶಿಬಿರಗಳು ನಡೆದವು.

ಇನ್ನೊಂದು ತೊಡಕಿತ್ತು. ಹಲವು ಸಲ ಹನಿ ಕುಡಿದ ಮಕ್ಕಳಿಗೂ ಅಲ್ಲಿ ಪೋಲಿಯೋ ಬರುತ್ತಿತ್ತು. ಸದಾ ಭೇದಿಯಿಂದ ನರಳುವ ಮಗುವಿನ ಕರುಳಿನಲ್ಲಿ ಹನಿಯ ಲಸಿಕೆ ಸರಿಯಾಗಿ ನಾಟುವುದಿಲ್ಲ ಎಂಬುದು ಒಂದು ಮುಖ್ಯ ಕಾರಣ. ಆಗ 2009ರಲ್ಲಿ ಉತ್ತರ ಪ್ರದೇಶದ 66, ಬಿಹಾರದ 41, ಒಟ್ಟು 107 ಬ್ಲಾಕ್‌ಗಳನ್ನು ಆರಿಸಿ ಅಲ್ಲಿ ಹನಿಯ ಜೊತೆಗೆ ನೈರ್ಮಲ್ಯದ ಕೆಲಸಕ್ಕೂ ಒತ್ತು ಕೊಡಲಾಯಿತು. ಸಾಬೂನಿನಿಂದ ಕೈತೊಳೆಯುವುದು, ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಭೇದಿಗೆ ಓಆರ್‌ಎಸ್ ಮತ್ತು ಜಿಂಕ್, ಶುದ್ಧ ನೀರು, ಶೌಚಾಲಯ.

ಫಲ ಕಾಣಲು ತಡವಾಗಲಿಲ್ಲ. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು. 2010ರಲ್ಲಿ 42. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಹೆಣ್ಣು ಮಗುವೊಂದರಲ್ಲಿ ಕಂಡದ್ದೇ ಸಹಜ ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೋ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಬೂತಿನಲ್ಲಿ ಸ್ವಯಂಸೇವಕರ ಕೆಲಸ

ಹನಿ ಹಾಕುವುದು ತರಬೇತಿ ಪಡೆದವರ ಕೆಲಸ. ಆದರೂ ಸುತ್ತಲಿನ ನೂರು ಕೆಲಸಕ್ಕೆ ಸ್ವಯಂಸೇವಕರು ಬೇಕು. ಬೂತಿಗೆ ನೆರಳು, ಕುಡಿಯುವ ನೀರು ಒದಗಿಸುವುದು, ಬರುವ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವುದು, ಬೆರಳಿಗೆ ಗುರುತು ಹಾಕುವುದು, ಬಾರದ ಮನೆಗಳಿಗೆ ಹೋಗಿ ಕರೆಯುವುದು. ಮರುದಿನಗಳಲ್ಲಿ ಮನೆಮನೆ ಭೇಟಿ. ಎಲ್ಲ ಮಕ್ಕಳಿಗೂ ಹನಿ ಆದ ಮನೆಗೆ 'ಪಿ' ಎಂದೂ, ಯಾರಾದರೂ ಬಿಟ್ಟುಹೋದ ಮನೆಗೆ 'ಎಕ್ಸ್' ಎಂದೂ ಗೋಡೆಯ ಮೇಲೆ ಬರೆಯುತ್ತಾರೆ. ಎಕ್ಸ್ ಮನೆಗೆ ಮತ್ತೆ ಹೋಗಲೇಬೇಕು. ಬಸ್ ನಿಲ್ದಾಣ, ರೈಲು ನಿಲ್ದಾಣ, ಇಟ್ಟಿಗೆ ಗೂಡು, ಕಟ್ಟಡ ಕಟ್ಟುವ ಜಾಗಗಳಿಗೆ ಬೇರೆ ತಂಡಗಳು ಹೋಗುತ್ತವೆ.

ಲಸಿಕೆಯ ಪುಟ್ಟ ಬಾಟಲಿ ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲಿರುತ್ತದೆ. ಬಾಟಲಿಯ ಮೇಲಿನ ವೃತ್ತದೊಳಗೆ ಒಂದು ಚೌಕ ಇರುವುದನ್ನು ನೀವೂ ನೋಡಬಹುದು. ಒಳಗಿನ ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಚೆನ್ನಾಗಿದೆ. ಎರಡೂ ಒಂದೇ ಬಣ್ಣವಾಗಿದ್ದರೆ ಅಥವಾ ಚೌಕವೇ ಗಾಢವಾಗಿದ್ದರೆ ಅದು ಬಿಸಿಗೆ ಕೆಟ್ಟಿದೆ, ಬಳಸಬಾರದು. ಸಂದೇಹವಿದ್ದರೆ ಕೇಳಿ ನೋಡಿ. ಕೇಳುವುದು ತಾಯಿಯ ಹಕ್ಕು.

ನಮ್ಮ ಮೊಹಲ್ಲಾದಲ್ಲಿ ಏನು ಮಾಡಬಹುದು?

ಇಷ್ಟೆಲ್ಲ ಓದಿದ ಮೇಲೆ, ನಮ್ಮಲ್ಲಿ ರೋಟರಿ ಸದಸ್ಯರಾಗುವವರು ಎಷ್ಟು ಮಂದಿ ಎಂದು ನೀವು ಕೇಳಬಹುದು. ಸದಸ್ಯರಾದರೆ ಒಳ್ಳೆಯದೇ. ಆಗದಿದ್ದರೂ ಅವರ ಪದ್ಧತಿಯನ್ನು ತೆಗೆದುಕೊಳ್ಳಲು ಶುಲ್ಕವಿಲ್ಲ. ನಮ್ಮಲ್ಲಿ ಜಮಾಅತ್ ಇದೆ, ಯುವಕರ ಸಂಘಗಳಿವೆ, ಹೆಂಗಸರ ಸ್ವಸಹಾಯ ಗುಂಪುಗಳಿವೆ. ಅವು ಸೇರುವುದು ಹೆಚ್ಚಾಗಿ ಯಾವುದಾದರೂ ಕಷ್ಟ ಬಂದಾಗ ಅಥವಾ ಕಾರ್ಯಕ್ರಮ ಹತ್ತಿರ ಬಂದಾಗ. ಅದರ ಬದಲು ಈ ಕೆಲವನ್ನು ಪ್ರಯತ್ನಿಸಿ ನೋಡಿ.

ತಿಂಗಳಿಗೆ ಎರಡು ಸಲ, ಒಂದೇ ದಿನ, ಒಂದೇ ಹೊತ್ತಿಗೆ ಸೇರಿ. ಒಂದು ಗಂಟೆ ಸಾಕು. ಹಾಜರಿ ಬರೆಯಿರಿ. ಹೆಂಗಸರಿಗೆ ಅನುಕೂಲವಾದ ಹೊತ್ತು, ಜಾಗ ಇರಲಿ. ಅವರದೇ ಪ್ರತ್ಯೇಕ ಸಭೆಯಾದರೂ ಸರಿ, ಆದರೆ ಅಲ್ಲಿ ಆದ ತೀರ್ಮಾನಕ್ಕೆ ಬೆಲೆ ಇರಬೇಕು. ಪದಾಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗಲಿ.

ಬೀದಿಯ ಮಕ್ಕಳ ಪಟ್ಟಿ ಇಟ್ಟುಕೊಳ್ಳಿ. ಐದು ವರ್ಷದೊಳಗಿನ ಪ್ರತಿ ಮಗುವಿನ ತಾಯಿ ಕಾರ್ಡ್ ನೋಡಿ. ಪೋಲಿಯೋ ಹನಿ ಹುಟ್ಟಿದಾಗ, ಆಮೇಲೆ 6, 10, 14ನೇ ವಾರಗಳಲ್ಲಿ, ಮತ್ತೆ 16ರಿಂದ 24 ತಿಂಗಳೊಳಗೆ ಆಗಿರಬೇಕು. ಪೋಲಿಯೋ ಚುಚ್ಚುಮದ್ದು 6ನೇ ವಾರ, 14ನೇ ವಾರ ಮತ್ತು 9ನೇ ತಿಂಗಳಲ್ಲಿ ಇದೆ. ಪೋಲಿಯೋ ಭಾನುವಾರದ ಹನಿ ಇವುಗಳ ಜೊತೆಗೆ ಹೆಚ್ಚುವರಿಯಾಗಿ ಹಾಕುವುದು. ಒಂದನ್ನು ಹಾಕಿಸಿದೆವು ಎಂದು ಇನ್ನೊಂದನ್ನು ಬಿಡಬಾರದು. ಬಾಡಿಗೆಗೆ ಬಂದವರ, ವಲಸೆ ಕಾರ್ಮಿಕರ ಮಕ್ಕಳು ಪಟ್ಟಿಯಿಂದ ತಪ್ಪದಂತೆ ನೋಡಿ. ಚೆನ್ನಾಗಿದ್ದ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಜೋಲು ಬಿದ್ದರೆ ಅದೇ ದಿನ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಮಲದ ಪರೀಕ್ಷೆ ಉಚಿತವಾಗಿ ಆಗುತ್ತದೆ.

ಓಆರ್‌ಎಸ್ ಪೊಟ್ಟಣ ಪ್ರತಿ ಬೀದಿಯಲ್ಲಿ ಒಂದು ಮನೆಯಲ್ಲಾದರೂ ಇರಲಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೆ ಕರಗಿಸಿ, 24 ಗಂಟೆಯೊಳಗೆ ಮುಗಿಸಬೇಕು. ಜೊತೆಗೆ ವೈದ್ಯರು ಅಥವಾ ಆಶಾ ಕಾರ್ಯಕರ್ತೆ ಹೇಳಿದಂತೆ 14 ದಿನ ಜಿಂಕ್ ಮಾತ್ರೆ. ಭೇದಿ ನಿಂತಿತೆಂದು ಮಧ್ಯದಲ್ಲೇ ಬಿಡಬಾರದು. ಎದೆಹಾಲನ್ನೂ ನಿಲ್ಲಿಸಬಾರದು.

ರಕ್ತದಾನ ಶಿಬಿರ ಮಾಡುವುದಾದರೆ ಊರಿನ ಕ್ಲಬ್ಬು ಮತ್ತು ಪರವಾನಗಿ ಇರುವ ರಕ್ತನಿಧಿಯ ಜೊತೆ ಸೇರಿ ಮಾಡಿ. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕದ, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇಲ್ಲದ ಆರೋಗ್ಯವಂತರು ರಕ್ತ ಕೊಡಬಹುದು. ಒಮ್ಮೆ ಕೊಟ್ಟ ಮೇಲೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಬಿಡುವು ಬೇಕು. ಹಸಿದ ಹೊಟ್ಟೆಯಲ್ಲಿ ಕೊಡಬಾರದು. ಹಾಗಾಗಿ ರಂಜಾನಿನಲ್ಲಿ ಹಗಲು ಶಿಬಿರ ಇಡದೆ ಇಫ್ತಾರ್ ಆಗಿ, ಊಟ ಮುಗಿದ ಮೇಲೆ ಇಡುವುದೇ ಸರಿ. ರಕ್ತಹೀನತೆ ಇದೆಯೆಂದು ತಿರಸ್ಕೃತರಾದ ಹೆಂಗಸರ ಹೆಸರು ಬರೆದಿಟ್ಟುಕೊಂಡು ಚಿಕಿತ್ಸೆಗೆ ಕಳಿಸಿದರೆ ಆ ಶಿಬಿರದ ಲಾಭ ಎರಡು ಪಾಲು.

ಇಫ್ತಾರ್ ಕೂಟ, ಈದ್ ಮಿಲನ, ವಲೀಮಾ ಇಂಥ ಸಂತೋಷ ಕೂಟಗಳನ್ನೂ ಆರೋಗ್ಯದ ಕಣ್ಣಿನಿಂದ ಒಮ್ಮೆ ನೋಡಿ. ಹಾಲ್ ಗೊತ್ತು ಮಾಡುವಾಗ ಹೆಂಗಸರ ಶೌಚಾಲಯದಲ್ಲಿ ನೀರು, ಚಿಲಕ, ಸಾಬೂನು ಇದೆಯೇ ಎಂದು ಮೊದಲು ಪರಿಶೀಲಿಸಿ. ಕೈತೊಳೆಯುವ ಜಾಗ ಊಟದ ಜಾಗದ ಹತ್ತಿರವೇ ಇರಲಿ. ಬೇಯಿಸಿದ ಮಾಂಸ, ಅನ್ನ ತಣ್ಣಗಾಗಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡುವುದು ಒಳ್ಳೆಯದಲ್ಲ. ಉಳಿಯುವ ಅಡುಗೆಯನ್ನು ಹಂಚುವುದಾದರೆ ಬಿಸಿಯಿರುವಾಗಲೇ ಹಂಚಿ.

ಕೊನೆಯದಾಗಿ, ಕ್ಲಬ್ಬಿನವರನ್ನು ನಮ್ಮ ಬೀದಿಗೆ ಕರೆಯಿರಿ. ಅವರ ಸಭೆಗೆ ಅತಿಥಿಗಳನ್ನು ಕರೆಯುವ ಪದ್ಧತಿ ಇದ್ದೇ ಇದೆ. ನಮ್ಮ ಮೊಹಲ್ಲಾದ ಒಬ್ಬ ಅಂಗನವಾಡಿ ಕಾರ್ಯಕರ್ತೆಯೋ ಆಶಾ ಕಾರ್ಯಕರ್ತೆಯೋ ಅಲ್ಲಿ ಹತ್ತು ನಿಮಿಷ ಮಾತಾಡಲಿ. ಅವರಲ್ಲಿ ವೈದ್ಯರಿದ್ದಾರೆ, ಹಣವಿದೆ, ವಾಹನವಿದೆ. ಯಾವ ಮನೆಯಲ್ಲಿ ಯಾರಿಗೆ ಏನು ಬೇಕು ಎಂಬ ತಿಳಿವಳಿಕೆ ನಮ್ಮಲ್ಲಿದೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಇವೆರಡೂ ಸೇರಲು ವರ್ಷಗಳು ಹಿಡಿದವು. ಆ ವರ್ಷಗಳಲ್ಲಿ ಕಾಲು ಸೋತ ಮಕ್ಕಳು ಇಂದು ಯುವಕ ಯುವತಿಯರು. ಅವರ ಕಾಲಿಗೆ ಬಲ ಮರಳಿ ಬರಲಿಲ್ಲ.

ನೆರೆಯ ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನಗಳಲ್ಲಿ ಸಹಜ ಪೋಲಿಯೋ ವೈರಾಣು ಇನ್ನೂ ಉಳಿದಿದೆ. ಅಲ್ಲಿಂದ ಅದು ಯಾವಾಗ ಬೇಕಾದರೂ ಪ್ರಯಾಣ ಮಾಡಬಲ್ಲದು. ಆದ್ದರಿಂದ ನಮ್ಮ ಮಕ್ಕಳ ಹನಿ ನಿಲ್ಲುವಂತಿಲ್ಲ. ಮುಂದಿನ ಪೋಲಿಯೋ ಭಾನುವಾರದ ದಿನಾಂಕವನ್ನು ನಿಮ್ಮ ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡು, ಅದರ ಹಿಂದಿನ ಶುಕ್ರವಾರ ಜುಮಾ ನಮಾಝಿನ ಬಳಿಕ ಮಸೀದಿಯಲ್ಲಿ ಸಾರಿಸಿ. ನಿಮ್ಮ ಮಗುವಿನ ಜೊತೆ ಪಕ್ಕದ ಮನೆಯ ಮಗುವನ್ನೂ ಕರೆದುಕೊಂಡು ಹೋಗಿ.